ಹಾಡದೇ ಹಾಡಾದ ಜೇಮ್ಸ್ ಜೇಮರ್ಸನ್

ಹಳೆಯ ಪಾಪ್ ಹಾಡುಗಳ ಮಾತು ಬಂದಾಗಲೆಲ್ಲ ನಾವು ಗಾಯಕರನ್ನೇ ನೆನೆಯುತ್ತೇವೆ. ಬಹಳ ವರ್ಷ ನಾನೂ ಹಾಗೆಯೇ ಮಾಡಿದೆ. ಈಗ ಅರವತ್ತರ ದಶಕದ ಹಾಡುಗಳೆಂದರೆ ನನಗೆ ಮೊದಲು ನೆನಪಾಗುವವರು ಬೇಸ್ ಗಿಟಾರ್ (ಹಾಡಿನ ತಳದ ಮಂದ್ರ ಸ್ವರಗಳನ್ನು ನುಡಿಸುವ ಗಿಟಾರ್) ವಾದಕ ಜೇಮ್ಸ್ ಜೇಮರ್ಸನ್.

ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' (1964) ಹಾಡನ್ನು ಒಮ್ಮೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಜೇಮರ್ಸನ್ ಅವರ ಬೇಸ್ ಒಂದೇ ಎದೆಬಡಿತದ ಲಯದಲ್ಲಿ ಶುರುವಾಗುತ್ತದೆ. ಅದರ ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಡೇವಿಡ್ ರಫಿನ್ ಅವರ ದನಿ ಬರುವಷ್ಟರಲ್ಲಿ ಮನಸ್ಸು ಆಗಲೇ ಹಾಡಿನ ವಶವಾಗಿರುತ್ತದೆ. ಹಾಡು ಕೇಳಿದವರೆಲ್ಲ ಗುನುಗುವ ಆ ಆರಂಭವನ್ನು ಕಟ್ಟಿದ ಇಬ್ಬರ ಹೆಸರೂ ಅಂದಿನ ರೆಕಾರ್ಡಿನ ಮೇಲೆ ಇರಲಿಲ್ಲ.

ಅಮೆರಿಕದ ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿದ್ದ ಒಂದು ಮನೆಯೇ ಈ ಹಾಡನ್ನು ಹೊರತಂದ ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆಯ ಸ್ಟುಡಿಯೋ ಆಗಿತ್ತು. ಜೇಮರ್ಸನ್ ಸೇರಿದಂತೆ 'ಫಂಕ್ ಬ್ರದರ್ಸ್' ಎಂದು ಕರೆಸಿಕೊಂಡ ವಾದಕರು ಹಗಲಿರುಳೆನ್ನದೆ ಅಲ್ಲಿ ನುಡಿಸುತ್ತಿದ್ದರು. ಆ ಕಾಲದ ಪಾಪ್ ಸಂಗೀತದಲ್ಲಿ ಬೇಸ್ ಎಂದರೆ ಬಹುಪಾಲು ಆಧಾರಸ್ವರವನ್ನು ತಾಳಕ್ಕೆ ತಕ್ಕಂತೆ ಹಿಡಿದುಕೊಂಡಿರುವ ಕೆಲಸ. ಜಾಝ್ ಸಂಗೀತದಲ್ಲಿ ಪಳಗಿದ್ದ ಜೇಮರ್ಸನ್ ಸ್ವರದಿಂದ ಸ್ವರಕ್ಕೆ ಹೋಗುವಾಗ ನಡುವಿನ ಸ್ವರಗಳನ್ನೂ ಸವರಿಕೊಂಡು, ತಾಳದ ಪೆಟ್ಟಿಗೆ ತುಸು ಮುಂಚೆಯೋ ತುಸು ತಡೆದೋ ಬಂದು, ಗಾಯಕರ ಮಾತಿಗೆ ಮಾತು ಕೊಡುವಂತೆ ನುಡಿಸಿದರು. ಅದನ್ನೂ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ತಂತಿಗಳನ್ನು ಬದಲಾಯಿಸುವುದು ಅವರಿಗೆ ಸೇರುತ್ತಿರಲಿಲ್ಲ. ಹಳತಾದ ತಂತಿಯ ಆ ಮಂದ್ರ, ದುಂಡನೆಯ ನಾದ ಎಲ್ಲಿ ಕೇಳಿದರೂ ಗುರುತು ಸಿಗುತ್ತದೆ.

1971ರಲ್ಲಿ ಮೋಟೌನ್ ಗಾಯಕ ಮಾರ್ವಿನ್ ಗೇ ತಮ್ಮ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನಲ್ಲಿ ವಾದಕರ ಹೆಸರುಗಳನ್ನು ಮುದ್ರಿಸಿದರು. ಜೇಮರ್ಸನ್ ಹೆಸರಿನ ಹಿಂದೆ 'ಸಾಟಿಯಿಲ್ಲದ' ಎಂಬ ವಿಶೇಷಣವಿತ್ತು. ಸುಮಾರು ಹನ್ನೆರಡು ವರ್ಷದ ದುಡಿಮೆಯ ನಂತರ ಬಂದ ಆ ಒಂದು ಪದ ನನ್ನ ಪಾಲಿಗೆ ಯಾವ ಪ್ರಶಸ್ತಿಗೂ ಕಡಿಮೆಯದಲ್ಲ. ಆದರೂ 1983ರಲ್ಲಿ ಮೋಟೌನ್ ತನ್ನ ಇಪ್ಪತ್ತೈದರ ಸಂಭ್ರಮ ಆಚರಿಸಿದಾಗ, ಮೈಕಲ್ ಜಾಕ್ಸನ್ ವೇದಿಕೆಯ ಮೇಲೆ ಮೂನ್‌ವಾಕ್ ಮಾಡಿದ ಆ ಸಂಜೆ, ಜೇಮರ್ಸನ್ ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕುಳಿತಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ, ನಲವತ್ತೇಳರ ವಯಸ್ಸಿಗೇ ತೀರಿಕೊಂಡರು. ಹೆಸರಾಂತ ಸಂಗೀತಗಾರರ ಗೌರವಪಟ್ಟಿಯಾದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2000ದಲ್ಲಿ.

ಇದನ್ನೆಲ್ಲ ತಿಳಿದ ಮೇಲೆ ನಾನು ಕೇಳುವ ರೀತಿಯೇ ಬದಲಾಗಿದೆ. ಇಷ್ಟದ ಹಾಡನ್ನು ಮೊದಲ ಸಲ ಗಾಯಕರಿಗಾಗಿ ಕೇಳುತ್ತೇನೆ. ಎರಡನೆಯ ಸಲ ಬೇಸ್ ಹೆಚ್ಚಿಸಿಕೊಂಡು, ಕಣ್ಣು ಮುಚ್ಚಿ, ಆ ಒಂದು ಬೆರಳಿನ ಹಿಂದೆಯೇ ಹೋಗುತ್ತೇನೆ.