ಸ್ಪಷ್ಟನೆ: ದಾಸವಾಳದ ಮೇಲಿನ ಬಿಳಿ ಹಿಟ್ಟು ಬೂಷ್ಟಲ್ಲ
ದಾಸವಾಳದ ಕುಡಿಯಲ್ಲಿ ಹತ್ತಿಯಂಥ ಬಿಳುಪು ಕಂಡರೆ ಅದು ಬೂಷ್ಟು, ಅರಿಶಿನ ಉದುರಿಸಿದರೆ ಸಾಕು ಅನ್ನುವ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದು ಬೂಷ್ಟಲ್ಲ, ಹಿಟ್ಟು ತಿಗಣೆ. ಗಿಡದ ರಸ ಹೀರುವ ಹುಳು. ಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡಿ, ಹಿಟ್ಟಿನ ಕೆಳಗೆ ಮೆತ್ತಗಿನ ಪುಟ್ಟ ಹುಳು ಸಿಗುತ್ತದೆ. ಪಕ್ಕದಲ್ಲೇ ಇರುವೆ ಸಾಲು. ಹುಳು ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅದನ್ನು ಕಾಯುತ್ತವೆ! ಅರಿಶಿನ ಆ ಮೇಣದ ಹಿಟ್ಟಿನ ಮೇಲೆ ಸುಮ್ನೆ ಕೂರುತ್ತದೆ, ಅಷ್ಟೇ.

ಸುರುಟಿದ ಕುಡಿ ಕತ್ತರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ಪೈಪಿನಲ್ಲಿ ಜೋರಾಗಿ ನೀರು ಹೊಡೆಯಿರಿ. ಆಮೇಲೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ, ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ.