ಸೊನ್ನೆ ರೂಪಾಯಿಯ ರಸೀದಿ

ಫಾಸ್ಟ್‌ಟ್ಯಾಗ್ ಕೊಟ್ಟ ಬ್ಯಾಂಕಿನಿಂದ ಮತ್ತೊಂದು ಹಿತವಚನ ಬಂದಿದೆ. ಟೋಲ್ ಕಟ್ ಆದಾಗಲೆಲ್ಲ ಎಸ್ಸೆಮ್ಮೆಸ್ ನೋಡಿ, ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಇಳಿಸಿಕೊಂಡು ತಾಳೆ ಹಾಕಿ, ರಸೀದಿಗಳನ್ನು ಜೋಪಾನವಾಗಿಡಿ, ವ್ಯತ್ಯಾಸ ಕಂಡರೆ ಕೂಡಲೇ ತಿಳಿಸಿ. ಎಷ್ಟು ಕಾಳಜಿ! ಯಂತ್ರ ಅವರದು, ಕ್ಯಾಮೆರಾ ಅವರದು, ಸರ್ವರ್ ಅವರದು, ಅದರೊಳಗಿನ ಲೆಕ್ಕವೂ ಅವರದೇ. ಆ ಲೆಕ್ಕ ಸರಿಯಿದೆಯೇ ಎಂದು ನೋಡುವ ಗುಮಾಸ್ತಿಕೆ ಮಾತ್ರ ನಮಗೆ. ಸಂಬಳದ ಮಾತು ಹಿತವಚನದಲ್ಲಿ ಎಲ್ಲೂ ಇಲ್ಲ, ಎರಡು ಸಲ ಓದಿ ನೋಡಿದೆ.

ಪುಣೆ ಕನ್ನಡಿಗರಿಗೆ ಟೋಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರಿಗೆ ಹೋಗುವುದೆಂದರೆ ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೋಳಿ, ಹತ್ತರಗಿ, ಹಿರೇಬಾಗೇವಾಡಿ ಟೋಲ್ ನಾಕಾಗಳು. ಮಗ್ಗಿ ಬಾರದ ಮಕ್ಕಳೂ ಇದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಮುಂಬಯಿಯಿಂದ ಹೊರಟವರಾದರೆ ಅದಕ್ಕೂ ಮೊದಲು ಎಕ್ಸ್‌ಪ್ರೆಸ್‌ವೇ ಕಾಣಿಕೆ, 2023ರ ಏಪ್ರಿಲ್‌ನಲ್ಲಿ ಏರಿದ ದರದಂತೆ ಕಾರಿಗೆ 320 ರೂಪಾಯಿ. 2025ರಲ್ಲಿ ಮೂರು ಸಾವಿರ ಕೊಟ್ಟು ವಾರ್ಷಿಕ ಪಾಸ್ ತೆಗೆದುಕೊಂಡ ಬುದ್ಧಿವಂತರಿಗೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ: ಅದು ರಾಜ್ಯದ ರಸ್ತೆ, ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿಯಲ್ಲಿ. ಗಾಡಿ ಒಂದೇ, ಟ್ಯಾಗ್ ಒಂದೇ, ಡಾಂಬರೋ ಕಾಂಕ್ರೀಟೋ ಟೈರಿಗೂ ವ್ಯತ್ಯಾಸವಿಲ್ಲ. ಹೋಗಲಿ ಬಿಡಿ.

ಈ ದೇಶದ ಕಾನೂನುಗಳಲ್ಲೆಲ್ಲ ನನಗೆ ಬಲು ಪ್ರೀತಿಯದು 2018ರಲ್ಲಿ ಹೆದ್ದಾರಿ ಶುಲ್ಕದ ನಿಯಮಗಳಿಗೆ ಸೇರಿಸಿದ ಒಂದು ಕಲಮು. ನಿಮ್ಮ ಟ್ಯಾಗ್ ಸರಿಯಾಗಿದ್ದು, ಖಾತೆಯಲ್ಲಿ ದುಡ್ಡೂ ಇದ್ದು, ನಾಕಾದ ಯಂತ್ರ ಕೆಟ್ಟು ಅದನ್ನು ಓದಲಾರದೆ ಹೋದರೆ, ನೀವು ಪೈಸೆ ಕೊಡದೆ ಮುಂದೆ ಹೋಗಬಹುದು. ಅಷ್ಟಕ್ಕೇ ನಿಲ್ಲುವುದಿಲ್ಲ. ಸೊನ್ನೆ ರೂಪಾಯಿಯ ರಸೀದಿಯೊಂದನ್ನು ನಿಮ್ಮ ಕೈಗೆ ಕೊಡಬೇಕು. ಏನೂ ತೆಗೆದುಕೊಂಡಿಲ್ಲ ಎಂಬುದಕ್ಕೂ ರಸೀದಿ! ರಾಮರಾಜ್ಯದಲ್ಲೂ ಇಷ್ಟು ಅಚ್ಚುಕಟ್ಟು ಇದ್ದಿರಲಾರದು. ಈ ರಸೀದಿಯನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಕನ್ನಡ ಸಂಘದಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡಿಸುತ್ತೇನೆ. ಸಂಘಕ್ಕೂ ಉಪಕಾರವಾಗುತ್ತದೆ. ಹೊರನಾಡಿನಲ್ಲಿ ಸನ್ಮಾನಕ್ಕೆ ಶಾಲುಗಳು ಮುಗಿಯುವುದಿಲ್ಲ, ಹೊದೆಯುವವರು ಮುಗಿದುಹೋಗುತ್ತಾರೆ. ಕಳೆದ ರಾಜ್ಯೋತ್ಸವದಲ್ಲಿ ಅಧ್ಯಕ್ಷರು ಕಾರ್ಯದರ್ಶಿಗೂ ಕಾರ್ಯದರ್ಶಿ ಅಧ್ಯಕ್ಷರಿಗೂ ಹೊದಿಸಿ ಕಾರ್ಯಕ್ರಮ ದಡ ಸೇರಿಸಿದರು.

ನಾಕಾದಲ್ಲಿ ನಿಜವಾಗಿ ನಡೆಯುವುದು ಬೇರೆ. ದಾರಿಗೆ ಅಡ್ಡ ಇಟ್ಟ ದಂಡ ಮೇಲೇಳುವುದಿಲ್ಲ. ತಲೆಯ ಮೇಲಿನ ಪೆಟ್ಟಿಗೆ ನಿಮ್ಮ ಗಾಜನ್ನು ನೋಡಿ ಸುಮ್ಮನಿರುತ್ತದೆ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡ ಹುಡುಗ ಬಂದು "ಗಾಡೀ ಥೋಡೀ ಮಾಗೇ ಘ್ಯಾ", ಸ್ವಲ್ಪ ಹಿಂದೆ ತಗೊಳ್ಳಿ, ಎನ್ನುತ್ತಾನೆ. ಹಿಂದೆ ಲಾರಿಯ ಬಂಪರ್ ನಿಮ್ಮ ಡಿಕ್ಕಿಗೆ ಮುತ್ತಿಡುವಷ್ಟು ಹತ್ತಿರ ಇದೆ, ಅವನು ಹಾರ್ನಿನ ಮೇಲಿಂದ ಕೈ ತೆಗೆದಿಲ್ಲ. ಹುಡುಗ ಗಾಜನ್ನು ಒರೆಸುತ್ತಾನೆ, ಕೈಯಲ್ಲಿ ಹಿಡಿಯುವ ಇನ್ನೊಂದು ಮಷಿನ್ ತಂದು ಟ್ಯಾಗಿಗೆ ಒತ್ತುತ್ತಾನೆ, ಅದನ್ನು ಅಂಗೈಗೆ ಎರಡು ಸಲ ಬಡಿಯುತ್ತಾನೆ, ಮತ್ತೆ ಒತ್ತುತ್ತಾನೆ. ಕೊನೆಗೆ ತೀರ್ಪು: "ಟ್ಯಾಗ್ ಖರಾಬ್ ಆಹೇ." ಹಿಂದಿನ ನಾಕಾದಲ್ಲಿ ಸರಿಯಿತ್ತಪ್ಪ ಎಂದರೆ ಅದಕ್ಕೂ ಅವನಿಗೂ ಸಂಬಂಧವಿಲ್ಲ. ಕೆಟ್ಟಿರುವುದು ಟ್ಯಾಗೋ ಯಂತ್ರವೋ ಎಂದು ಹೇಳಬೇಕಾದದ್ದು ಅದೇ ಯಂತ್ರ. ಅದು ಈವರೆಗೆ ತನ್ನ ಮೇಲೆ ದೂರು ಹೇಳಿಕೊಂಡ ಉದಾಹರಣೆ ಇಲ್ಲ.

ಇಲ್ಲೂ ಸರಕಾರ ನಮ್ಮ ಕೈಬಿಟ್ಟಿಲ್ಲ. ಟ್ಯಾಗ್ ಕೆಲಸ ಮಾಡದಿದ್ದರೆ ಮೊದಲು ಎರಡು ಪಟ್ಟು ಕೊಡಬೇಕಿತ್ತು. 2025ರ ನವೆಂಬರ್ 15ರಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಸಾಕು, ನಗದಾದರೆ ಮಾತ್ರ ಎರಡು ಎಂದಾಯಿತು. ಮಾಡದ ತಪ್ಪಿನ ದಂಡದಲ್ಲಿ ಮುಕ್ಕಾಲು ಪಾಲು ಮಾಫಿ. ಕೃತಜ್ಞತೆಯಿಂದ ಕಣ್ಣು ತುಂಬಿ ಬರುತ್ತದೆ, ಹಿಂದಿನ ಲಾರಿಯ ಹೊಗೆಯೂ ಸ್ವಲ್ಪ ಇರಬಹುದು.

ನಮ್ಮ ಕಟ್ಟಡದ ಧಾರವಾಡದ ಕಾಕಾ ಈ ವಿಷಯದಲ್ಲಿ ಪಂಡಿತರು. ಆಡಿಟ್ ಖಾತೆಯಿಂದ ನಿವೃತ್ತರಾದವರು. ಕೋಥ್ರೂಡಿನ ಅವರ ಮನೆಗೆ ಹೋದರೆ ಚಹಾಕ್ಕಿಂತ ಮೊದಲು ಟೋಲಿನ ಫೈಲು ಬರುತ್ತದೆ. ಪ್ರತಿ ನಾಕಾಕ್ಕೂ ಒಂದು ಹಾಳೆ: ದಿನಾಂಕ, ಲೇನ್ ಸಂಖ್ಯೆ, ದಾಟಿದ ವೇಳೆ, ಎಸ್ಸೆಮ್ಮೆಸ್ ಬಂದ ವೇಳೆ, ಹಿಂದಿನ ಶಿಲ್ಕು, ಮುಂದಿನ ಶಿಲ್ಕು. ನಾಕಾದವರು ಕೊಡುವ ಚೀಟಿ ಶಾಖದಿಂದ ಅಚ್ಚಾಗುವ ಕಾಗದದ್ದು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮೇ ತಿಂಗಳ ಬಿಸಿಲಿಗೆ ಇಟ್ಟರೆ ಪೂರ್ತಿ ಕಪ್ಪಾಗುತ್ತದೆ, ಬೀರುವಿನಲ್ಲಿ ಬಚ್ಚಿಟ್ಟರೆ ಕೆಲವು ತಿಂಗಳಲ್ಲಿ ಅಕ್ಷರ ಮಾಯ. ಕಾಕಾ ಅದಕ್ಕಾಗಿ ಊರಿಂದ ಬಂದ ಕೂಡಲೇ ಕೆಳಗಿನ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸುತ್ತಾರೆ. ಚೀಟಿಗಿಂತ ಝೆರಾಕ್ಸ್ ದೊಡ್ಡದು, ಝೆರಾಕ್ಸಿಗಿಂತ ಕಾಕಾ ಅದರ ಅಂಚಿನಲ್ಲಿ ಬರೆದ ಷರಾ ದೊಡ್ಡದು. ಕಾಕೂಗೆ ಇದೆಲ್ಲ ಸೇರುವುದಿಲ್ಲ. "ಮಕ್ಕಳ ಜಾತಕಾನೂ ಇಷ್ಟು ನೆಟ್ಟಗ ಇಟ್ಟಿಲ್ಲ ನೋಡ್ರಿ ಇವರು" ಎನ್ನುತ್ತಾರೆ.

ಫೈಲಿನ ಕಿರೀಟಪ್ರಾಯ ಪ್ರಕರಣ ಒಂದಿದೆ. ಕಾಕಾ ಮಧ್ಯಾಹ್ನ ಉಂಡು ಮಲಗಿದ್ದಾಗ, ಅವರ ಕಾರು ಕೆಳಗೆ ಹೊದಿಕೆ ಹೊದ್ದು ಮಲಗಿದ್ದಾಗ, ಎಲ್ಲೋ ದೂರದ ಒಂದು ನಾಕಾವನ್ನು ಅದು ದಾಟಿತೆಂದು 75 ರೂಪಾಯಿ ಕಟ್ ಆಯಿತು. ಯಾರದೋ ನಂಬರನ್ನು ಕೈಯಲ್ಲಿ ಟೈಪ್ ಮಾಡುವಾಗ ಒಂದು ಅಂಕಿ ಆಚೀಚೆ ಆಗಿರಬಹುದು. ಕಾಕಾ ಬ್ಯಾಂಕಿಗೆ ಬರೆದರು. ಬ್ಯಾಂಕು ಸವಿನಯವಾಗಿ ಕೇಳಿತು: ಆ ಹೊತ್ತಿನಲ್ಲಿ ನಿಮ್ಮ ವಾಹನ ಆ ಸ್ಥಳದಲ್ಲಿ ಇರಲಿಲ್ಲ ಎಂಬುದಕ್ಕೆ ಪುರಾವೆ ಲಗತ್ತಿಸಿ.

ಇದ್ದದ್ದಕ್ಕೆ ಪುರಾವೆ ಕೊಡಬಹುದು, ಇಲ್ಲದ್ದಕ್ಕೆ ಏನು ಕೊಡುವುದು? ನಮ್ಮ ಹಿರಿಯರು ಇದರ ಮೇಲೆ ಶತಮಾನಗಟ್ಟಲೆ ಜಗಳವಾಡಿದ್ದಾರೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು ಒಂದು ಬೇರೆಯೇ ಪ್ರಮಾಣ, ಅದರ ಹೆಸರು ಅನುಪಲಬ್ಧಿ ಎಂದು ಅದ್ವೈತಿಗಳು ಒಪ್ಪಿದರು. ಮಧ್ವಾಚಾರ್ಯರು ಒಪ್ಪಲಿಲ್ಲ. ಕಣ್ಣಾರೆ ಕಾಣುವ ಪ್ರತ್ಯಕ್ಷ, ತರ್ಕದಿಂದ ತಿಳಿಯುವ ಅನುಮಾನ, ಶಾಸ್ತ್ರ ಹೇಳುವ ಆಗಮ, ಮೂರೇ ಸಾಕು ಎಂದರು. ಕಾಕಾ ಏಕಾದಶಿ ತಪ್ಪಿಸದ ಅಪ್ಪಟ ಮಾಧ್ವರು. ಆದರೆ ಮೂರೂ ಪ್ರಮಾಣಗಳು ಕಸ್ಟಮರ್ ಕೇರಿನಲ್ಲಿ ಬಿದ್ದುಹೋದವು. ಪ್ರತ್ಯಕ್ಷವಾಗಿ ಕಾರು ಕೆಳಗಿದೆ ಎಂದರೆ "ಸರ್, ಅದು ಇವತ್ತಿನದು" ಎಂದರು. ಮುದುಕ ಮಧ್ಯಾಹ್ನ ನಿದ್ದೆ ಬಿಟ್ಟು ಅಷ್ಟು ದೂರ ಹೋಗಲಾರ ಎಂಬ ಅನುಮಾನ ಅವರಿಗೆ ನಾಟಲಿಲ್ಲ. ಆಗಮವೆಂದು ಹೆದ್ದಾರಿ ನಿಯಮಾವಳಿಯನ್ನೇ ಉದ್ಧರಿಸಿದಾಗ ಲೈನ್ ಕಟ್ ಆಯಿತು. "ಕಡೀಕ ಅನುಪಲಬ್ಧೀನೂ ಹಚ್ಚಿ ನೋಡಿದೆ, ತಮ್ಮಾ" ಎಂದರು ಕಾಕಾ ದನಿ ತಗ್ಗಿಸಿ. 75 ರೂಪಾಯಿಗಾಗಿ ಅದ್ವೈತಿಯಾದದ್ದು ಮಠದವರಿಗೆ ಗೊತ್ತಾಗಬಾರದಲ್ಲ.

ವಾಚ್‌ಮನ್ನನ ರಿಜಿಸ್ಟರಿನ ಪುಟವನ್ನೂ ಕಳಿಸಿದ್ದಾರೆ, ಅದು ಮರಾಠಿಯಲ್ಲಿದೆ, ಇಂಗ್ಲಿಷಿನಲ್ಲಿ ಬೇಕಂತೆ. ಈಗ ಅವರು ಹೊಸ ಕ್ರಮ ಹಿಡಿದಿದ್ದಾರೆ. ದಿನಾ ಬೆಳಿಗ್ಗೆ ಆ ದಿನದ ಪೇಪರನ್ನು ಕಾರಿನ ವೈಪರಿಗೆ ಸಿಕ್ಕಿಸಿ, ತಲೆಬರಹ ಕಾಣುವಂತೆ ಒಂದು ಫೋಟೋ. ಅಪಹರಣಕಾರರು ಒತ್ತೆಯಾಳು ಜೀವಂತ ಇದ್ದಾನೆಂದು ಮನೆಯವರಿಗೆ ಕಳಿಸುತ್ತಾರಲ್ಲ, ಹಾಗೆ.

ಇಂಥ ಸುಳ್ಳು ಕಡಿತಕ್ಕೆ ನಾಕಾದ ಗುತ್ತಿಗೆದಾರನಿಗೆ ಲಕ್ಷ ರೂಪಾಯಿ ದಂಡ ಎಂದು ಹೆದ್ದಾರಿ ಪ್ರಾಧಿಕಾರ ಹೇಳಿದೆ, ಹಾಕಿಯೂ ಇದೆ. 1033ಕ್ಕೆ ಫೋನ್ ಮಾಡಿ ಎನ್ನುತ್ತದೆ. ಸಂತೋಷ. ಆದರೆ ಲೆಕ್ಕ ಹಾಕಿ ನೋಡಿ: ಗುತ್ತಿಗೆದಾರ ಕೊಡುವುದು ಒಂದು ಲಕ್ಷ, ಕಾಕಾಗೆ ಬರಬೇಕಾದದ್ದು 75, ಅದೂ ಗೆದ್ದರೆ. ನಡುವಿನ 99,925 ರೂಪಾಯಿಯಲ್ಲಿ ಕಾಕಾನ ಝೆರಾಕ್ಸ್ ಖರ್ಚಾದರೂ ಬರಬಾರದೇ?

ತಪ್ಪು ಕಡಿತವಾದರೂ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಇನ್ನೊಂದಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆಯೊಳಗೆ ಹೋಗಿ ಬಂದರೆ ಎರಡೂ ಸೇರಿ ಒಂದೂವರೆ ಪಟ್ಟು ಮಾತ್ರ, ಬರುವಾಗ ಅರ್ಧವಷ್ಟೇ ಕಟ್ ಆಗಬೇಕು. ಹೋಗುವಾಗ ಯಂತ್ರ ಓದದೆ ನೀವು ನಗದೋ ಯುಪಿಐಯೋ ಕೊಟ್ಟಿದ್ದರೆ ಟ್ಯಾಗಿನ ಖಾತೆಯ ಪಾಲಿಗೆ ನೀವು ಹೋಗಿಯೇ ಇಲ್ಲ. ಹೋಗದವನು ಮರಳುವುದು ಹೇಗೆ? ಪೂರ್ತಿ ದರ. ಸಾತಾರೆಗೆ ಮದುವೆಗೆ ಹೋಗಿ ಸಂಜೆ ಬಂದವರಲ್ಲಿ ಎಷ್ಟು ಜನ ಇದನ್ನು ತಾಳೆ ನೋಡಿರುತ್ತಾರೆ?

ಮುಂಬಯಿಯವರು ನಗಬೇಡಿ. ನಿಮ್ಮ ವಾಶಿ, ಐರೋಲಿ, ದಹಿಸರ, ಮುಲುಂಡ್ ನಾಕಾಗಳಲ್ಲಿ ಕಾರುಗಳಿಗೆ ಟೋಲ್ ಇಲ್ಲವಾದದ್ದು 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ. ಐವತ್ತೈದು ಫ್ಲೈಓವರಿನ ಸಾಲ ತೀರಿಸುತ್ತ ವರ್ಷಾನುಗಟ್ಟಲೆ ಕೊಟ್ಟಿರಿ. ಮರುದಿನ, 15ಕ್ಕೆ, ವಿಧಾನಸಭೆ ಚುನಾವಣೆಯ ದಿನಾಂಕ ಘೋಷಣೆಯಾಯಿತು. ಇಷ್ಟು ಕರಾರುವಾಕ್ಕಾಗಿ ವೇಳೆ ನೋಡುವ ಯಂತ್ರ ಮಹಾರಾಷ್ಟ್ರ ಸರಕಾರದ ಸಚಿವಾಲಯವಾದ ಮಂತ್ರಾಲಯದಲ್ಲಿದೆ, ನಾಕಾಗಳಿಗೂ ಅದೇ ಕಂಪನಿಯದನ್ನು ತರಿಸಬಾರದೇ?

ರಸೀದಿ ಇಟ್ಟುಕೊಳ್ಳಿ ಎನ್ನುವವರು ಮಿರ್ಜಾಪುರವನ್ನು ಮರೆತಂತಿದೆ. 2025ರ ಜನವರಿಯಲ್ಲಿ ಉತ್ತರ ಪ್ರದೇಶ ಪೊಲೀಸರ ವಿಶೇಷ ಪಡೆ ಎಸ್‌ಟಿಎಫ್ ಅಲ್ಲಿನ ಅತ್ರೈಲಾ ನಾಕಾದ ಮೇಲೆ ದಾಳಿ ಮಾಡಿದಾಗ ಕಂಪ್ಯೂಟರಿನಲ್ಲಿ ಸರಕಾರಿ ಸಾಫ್ಟ್‌ವೇರಿನ ಪಕ್ಕದಲ್ಲೇ ಇನ್ನೊಂದು ಖಾಸಗಿ ಸಾಫ್ಟ್‌ವೇರ್ ಸಿಕ್ಕಿತು. ಟ್ಯಾಗ್ ಇಲ್ಲದ ಗಾಡಿಗಳ ದುಡ್ಡು ಅದರ ಮೂಲಕ ಬೇರೆ ಜೇಬಿಗೆ ಹೋಗುತ್ತಿತ್ತು, ಚೀಟಿ ಮಾತ್ರ ಅಸಲಿಯ ಹಾಗೇ ಬರುತ್ತಿತ್ತು. ಬೇರೆ ರಾಜ್ಯಗಳ ಎಷ್ಟೋ ನಾಕಾಗಳಲ್ಲೂ ಇದನ್ನು ಹಾಕಿದ್ದರಂತೆ. ನಮ್ಮ ಒಂದು ಲೆಕ್ಕ ಸರಿಯಾಗಿ ಇಡಲು ಬಾರದವರು ಎರಡು ಲೆಕ್ಕವನ್ನು ಏನು ನೇಮದಿಂದ ಇಟ್ಟಿದ್ದರು! ಕಾಕಾನ ಫೈಲಿನಲ್ಲಿ ಝೆರಾಕ್ಸ್ ಆಗಿ ಕೂತ ಚೀಟಿಗಳಲ್ಲಿ ಇಂಥದು ಎಷ್ಟಿವೆಯೋ, ನಾನು ಕೇಳಲು ಹೋಗಿಲ್ಲ. ಬಿಪಿ ಇದೆ ಅವರಿಗೆ.

ಸಾಕು. ತಮಾಷೆ ಎಷ್ಟಂತ ಮಾಡುವುದು? ಲೇನಿನಲ್ಲಿ ಕ್ಯಾಮೆರಾ ಇದೆ. ದಾಟಿದ ಗಾಡಿಯ ಚಿತ್ರ ಅವರ ಬಳಿ ಇರುತ್ತದೆ. ತಕರಾರು ಬಂದಾಗ ನಾಕಾದ ಬ್ಯಾಂಕು ನಮ್ಮ ಬ್ಯಾಂಕಿಗೆ ತೋರಿಸುವುದೂ ಅದನ್ನೇ. ಆ ಚಿತ್ರವನ್ನು ಕಟ್ ಆದ ಕ್ಷಣವೇ ಎಸ್ಸೆಮ್ಮೆಸ್ ಜೊತೆ ಕಳಿಸಿದರೆ ಮುಗಿಯಿತು. ನಂಬರ್ ನಮ್ಮದಲ್ಲದಿದ್ದರೆ ಒಂದು ಬಟನ್, ದುಡ್ಡು ವಾಪಸ್. ಬಿರಿಯಾನಿ ತರುವ ಹುಡುಗ ಬಾಗಿಲ ಮುಂದೆ ಪೊಟ್ಟಣ ಇಟ್ಟು ಫೋಟೋ ಕಳಿಸುತ್ತಾನೆ. ಇವರಿಗೆ ಆಗುವುದಿಲ್ಲ. ಆಗುವುದಿಲ್ಲ ಅಂತಲ್ಲ, ಯಾಕೆ ಮಾಡಬೇಕು? ನೂರು ಜನರ 75 ರೂಪಾಯಿ ತಪ್ಪಿ ಹೋದರೆ ಕೇಳುವವನು ಒಬ್ಬ ಕಾಕಾ. ಉಳಿದವರು ಹಾಳಾಗಿ ಹೋಗಲಿ ಎಂದು ಬಿಡುತ್ತಾರೆ. ಆ 'ಹಾಳಾಗಿ ಹೋಗಲಿ' ಮೇಲೆಯೇ ಈ ವ್ಯವಸ್ಥೆ ನಿಂತಿದೆ.

ಬಿಡಲಾಗದವರೂ ಇದ್ದಾರೆ. ವಿಜಯಪುರದ ಕಡೆಯಿಂದ ವಾಶಿ ಎಪಿಎಂಸಿಗೆ ದ್ರಾಕ್ಷಿ ತರುವ ಡ್ರೈವರೊಬ್ಬ ಮಾರ್ಕೆಟ್ಟಿನ ಹೊರಗೆ ಸಿಕ್ಕಿದ್ದ. ಟ್ಯಾಗು ಸಾವ್ಕಾರನ ಹೆಸರಿನಲ್ಲಿ, ಎಸ್ಸೆಮ್ಮೆಸ್ ಹೋಗುವುದು ಸಾವ್ಕಾರನ ಫೋನಿಗೆ. ದಾರಿಯಲ್ಲಿ ಯಂತ್ರ ಓದಲಿಲ್ಲ, ಕೈಯಿಂದ ಎರಡು ಪಟ್ಟು ನಗದು ಕೊಟ್ಟು ಬಂದ. "ಚೀಟಿ ಕೊಡ್ರಿ ಅಂದ್ರ ಪ್ರಿಂಟರ್ ಬಂದ್ ಐತಿ ಅಂದ್ರು. ನಿಂತು ಜಗಳ ತಗದ್ರ ಹಿಂದಿನವ್ರು ಬೈತಾರ, ಮಾಲ್ ಬೇರೆ ಕೆಡತೈತಿ. ಚೀಟಿ ಇಲ್ಲಂದ್ರ ಸಾವ್ಕಾರ ನನ್ನ ಭತ್ತೇದಾಗ ಮುರ್ಕೊಂತಾನ." ಅವನಿಗೆ 2018ರ ನಿಯಮ ಹೇಳಿದೆ. ಸೊನ್ನೆ ರೂಪಾಯಿಯ ರಸೀದಿ ಎಂದ ಕೂಡಲೇ ನನ್ನನ್ನು ಒಂದು ಥರಾ ನೋಡಿ, ಚಹಾದ ದುಡ್ಡು ತಾನೇ ಕೊಟ್ಟ.

ಇನ್ನು ಮುಂದೆ ಈ ತಾಪತ್ರಯವೇ ಇರುವುದಿಲ್ಲವಂತೆ. ನಾಕಾ ಇಲ್ಲ, ಅಡ್ಡದಂಡ ಇಲ್ಲ, ನಿಲ್ಲುವ ಕೆಲಸವಿಲ್ಲ. ಗಾಡಿ ಓಡುತ್ತಿದ್ದ ಹಾಗೇ ಮೇಲಿನ ಕ್ಯಾಮೆರಾ ನಂಬರ್ ಓದಿ, ಟ್ಯಾಗ್ ಓದಿ, ದುಡ್ಡು ಎಳೆದುಕೊಳ್ಳುತ್ತದೆ. ಗುಜರಾತಿನ ಚೋರ್ಯಾಸಿ ನಾಕಾದಲ್ಲಿ ಇದನ್ನು ಹಾಕಲು 2025ರ ಆಗಸ್ಟಿನಲ್ಲೇ ಒಪ್ಪಂದವಾಗಿತ್ತು. ತಂತ್ರಜ್ಞಾನ ಚೆನ್ನಾಗಿಯೇ ಇರುತ್ತದೆ, ಅನುಮಾನ ಬೇಡ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂದು ಗಾದೆ ಕಟ್ಟಿದ ಕಾಲದಲ್ಲಿ ಸುಂಕದವನಾದರೂ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನೂರು ಕಿಲೋಮೀಟರ್ ವೇಗದಲ್ಲಿ ಕಮಾನಿನ ಕೆಳಗೆ ದಾಟಿದ ಮೇಲೆ, ತಪ್ಪು ಕಟ್ ಆಗಿದೆ ಎಂದು ಸಾವ್ಕಾರನ ಫೋನು ಬಂದರೆ, ಆ ವಿಜಯಪುರದ ಡ್ರೈವರ್ ದ್ರಾಕ್ಷಿ ಲಾರಿಯನ್ನು ಎಲ್ಲಿ ನಿಲ್ಲಿಸಿ ಯಾರ ಹತ್ತಿರ ಚೀಟಿ ಕೇಳಬೇಕು?