ಕಣ್ಣಿನ ಚೀಟಿಯಲ್ಲಿದ್ದ ಸಿಲಿಂಡರ್ ಕೌಂಟರಿನಲ್ಲಿ ಮಾಯ

ತುಮಕೂರಿನ ಬಿ.ಎಚ್. ರಸ್ತೆಯ ಕನ್ನಡಕದ ಅಂಗಡಿಯೊಂದರಿಂದ ಈಗಷ್ಟೇ ಮನೆಗೆ ಬಂದೆ. ಕೋಪ ಇನ್ನೂ ಇಳಿದಿಲ್ಲ.

ತಂಗಿಯ ಮಗಳು ತಿಂಗಳಿಗೊಮ್ಮೆ ಬದಲಿಸುವ ಕಾಂಟ್ಯಾಕ್ಟ್ ಲೆನ್ಸ್‌ಗೆಂದು ಆರು ತಿಂಗಳಿಂದ ಹಣ ಕೂಡಿಟ್ಟಿದ್ದಾಳೆ. ಅವಳ ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 2.00, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾದ ಹೆಚ್ಚುವರಿ ಪವರ್) ಮೈನಸ್ 1.50, ಆಕ್ಸಿಸ್ (ಅದನ್ನು ಕೂರಿಸುವ ಕೋನ) 180 ಎಂದು ಸ್ಪಷ್ಟವಾಗಿ ಬರೆದಿತ್ತು. ಕೌಂಟರಿನಲ್ಲಿದ್ದವರು ಒಮ್ಮೆ ಕಣ್ಣಾಡಿಸಿ, "ಸಾದಾ ಲೆನ್ಸ್ ಸಾಕಮ್ಮ, ಸಿಲಿಂಡರ್ ಅನ್ನು ಪವರಿನಲ್ಲೇ ಹೊಂದಿಸಿ ಕೊಡುತ್ತೇವೆ" ಎಂದರು. 1.50ರ ಅರ್ಧ ಸೇರಿಸಿ 2.75ರ ಡಬ್ಬಿ ತೆಗೆದಿಟ್ಟೇಬಿಟ್ಟರು. ಎರಡು ದಿಕ್ಕಿಗೆ ಎರಡು ಪವರ್ ಇರುವ ಟೋರಿಕ್ ಎಂಬ ಲೆನ್ಸ್ ಇದೆ ಎನ್ನುವ ಮಾತೇ ಇಲ್ಲ. ನಾನಾಗಿ ಕೇಳಿದ ಮೇಲೆ, "ಅದು ದುಬಾರಿ ಮೇಡಂ, ತರಿಸಬೇಕು."

ಹೊಂದಿಸುವುದು ಎಂದರೇನು? ಅವಳ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಚೆಂಡಿನಂತೆ ದುಂಡಗಿಲ್ಲ, ಒಂದು ದಿಕ್ಕಿಗೆ ಹೆಚ್ಚು ಬಾಗಿದೆ. ಒಂದು ದಿಕ್ಕಿಗೆ 2.00 ಸಾಕು, ಅದಕ್ಕೆ ಅಡ್ಡಲಾದ ದಿಕ್ಕಿಗೆ 3.50 ಬೇಕು. 2.75 ಕೊಟ್ಟರೆ ಒಂದಕ್ಕೆ ಮುಕ್ಕಾಲು ಹೆಚ್ಚು, ಇನ್ನೊಂದಕ್ಕೆ ಮುಕ್ಕಾಲು ಕಡಿಮೆ. ಎರಡೂ ಕಡೆ ತಪ್ಪು ಮಾಡುವುದಕ್ಕೆ ಹೊಂದಾಣಿಕೆ ಎಂಬ ಹೆಸರು!

ನಾನು ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಿದ್ದ ದಿನಗಳನ್ನು ಬಲ್ಲ ಗೆಳತಿಯರಿಗೆ ನನ್ನ ತಲೆನೋವೂ ನೆನಪಿರಬೇಕು. ಎರಡು ವರ್ಷ ನಾನು ಹಾಕಿದ್ದು ಇಂಥದೇ ಹೊಂದಿಸಿದ ಲೆನ್ಸ್. ನಿಲ್ದಾಣದ ಫಲಕದಲ್ಲಿ 3 ಯಾವುದು, 8 ಯಾವುದು ತಿಳಿಯುತ್ತಿರಲಿಲ್ಲ. ರಾತ್ರಿ ಕ್ಯಾತ್ಸಂದ್ರದ ಕಡೆಯಿಂದ ಸ್ಕೂಟರಿನಲ್ಲಿ ಬರುವಾಗ ಎದುರಿನ ಲಾರಿಯ ದೀಪಗಳಿಗೆ ಉದ್ದುದ್ದ ಬಾಲ. ಒಮ್ಮೆ ರಸ್ತೆ ಪಕ್ಕಕ್ಕೆ ನಿಲ್ಲಿಸಿ ಅತ್ತಿದ್ದೇನೆ, ಮನೆಯಲ್ಲಿ ಇದುವರೆಗೂ ಹೇಳಿಲ್ಲ. ನನ್ನ ಕಣ್ಣಿನ ಹಣೆಬರಹವೇ ಇಷ್ಟು ಎಂದುಕೊಂಡಿದ್ದೆ.

ಟೋರಿಕ್ ಲೆನ್ಸ್ ಕಣ್ಣಿನೊಳಗೆ ತಿರುಗುತ್ತದೆ, ಆಗ ಮಂಜಾಗುತ್ತದೆ ಎಂದು ಅಂಗಡಿಯವರು ಹೇಳಿದರು. ನಿಜ. ಹತ್ತು ಡಿಗ್ರಿ ತಿರುಗಿದರೆ ಸಿಲಿಂಡರಿನ ಪ್ರಯೋಜನದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಅದಕ್ಕೇ ಅಲ್ಲವೇ ಅದರಲ್ಲಿ ಗುರುತು ಇಟ್ಟಿರುವುದು? ಈಗ ನಾನು ಹಾಕುವ ಟೋರಿಕ್ ಲೆನ್ಸ್ ಅನ್ನು ಬೆರಳ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಗೀರು ಕಾಣುತ್ತದೆ. ಟ್ರಯಲ್ ಲೆನ್ಸ್ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ಆ ಗೀರು ಎಲ್ಲಿ ನಿಂತಿದೆ ಎಂದು ಉಪಕರಣದಲ್ಲಿ ನೋಡಬೇಕು. ಓರೆಯಾಗಿ ನಿಂತರೆ ಆಕ್ಸಿಸ್ ಬದಲಿಸಿಕೊಡಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಅದು ಲೆನ್ಸಿನ ದೋಷವಲ್ಲ.

ಸಿಲಿಂಡರ್ 0.50 ಇದ್ದವರಿಗೆ ಸಾದಾ ಲೆನ್ಸೇ ಸಾಕಾಗಬಹುದು, ಒಪ್ಪುತ್ತೇನೆ. ಇವಳದು 1.50. ಬೆಲೆ ಹೆಚ್ಚೆಂದರೆ ಹೆಚ್ಚೆನ್ನಿ, ಕೊಳ್ಳುವುದೋ ಬಿಡುವುದೋ ಅವಳು ತೀರ್ಮಾನಿಸಲಿ. ಇಲ್ಲವೇ ಇಲ್ಲವೆಂಬಂತೆ ಮುಚ್ಚಿಡುವುದೇಕೆ?

"ದೊಡ್ಡಮ್ಮ, ಜಗಳ ಬೇಡ, ಇದನ್ನೇ ಕೊಳ್ಳುತ್ತೇನೆ" ಎಂದಳು ಮಗು. ನಾನು ಡಬ್ಬಿಯನ್ನು ಹಿಂದಕ್ಕೆ ತಳ್ಳಿ ಎದ್ದುಬಂದೆ.

ತುಮಕೂರಿನಲ್ಲಿ ಟೋರಿಕ್ ಟ್ರಯಲ್ ಹಾಕಿ, ಗುರುತು ನೋಡಿ ಲೆನ್ಸ್ ಕೊಡುವ ಆಪ್ಟೋಮೆಟ್ರಿಸ್ಟ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಶನಿವಾರ ಅವಳಿಗೆ ಅರ್ಧ ದಿನ ಕಾಲೇಜು, ಕರೆದುಕೊಂಡು ಹೋಗುತ್ತೇನೆ.